ಸಂಗೀತಕ್ಕೆ ಬೇಕು ಸಣ್ಣ ಕೋಣೆ

ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್ ಬಡಾವಣೆಯಲ್ಲಿ ‘ವಿಲೇಜ್ ವ್ಯಾನ್‌ಗಾರ್ಡ್’ ಎಂಬ ಜಾಝ್ ಕ್ಲಬ್ ಇದೆ. 1935ರಿಂದಲೂ ಅದು ಒಂದೇ ನೆಲಮಾಳಿಗೆಯಲ್ಲಿದೆ. ಅಲ್ಲಿ ಕೇವಲ 123 ಮಂದಿಗೆ ಸ್ಥಳ. ಆದರೆ ಸಾನಿ ರಾಲಿನ್ಸ್ 1957ರಲ್ಲಿ, ಬಿಲ್ ಇವಾನ್ಸ್ ಮತ್ತು ಜಾನ್ ಕೋಲ್ಟ್ರೇನ್ 1961ರಲ್ಲಿ ಇಲ್ಲಿ ನುಡಿಸಿದಾಗ ಮಾಡಿದ ಧ್ವನಿಮುದ್ರಣಗಳು ಜಾಝ್ ಅಭ್ಯಾಸಿಗಳಿಗೆ ಇಂದಿಗೂ ಆಕರಗ್ರಂಥಗಳಿದ್ದಂತೆ. ಇಂಥ ಕೋಣೆಯನ್ನು ಯಾವ ಸರ್ಕಾರಿ ಯೋಜನೆಯೂ ಕಟ್ಟಲಿಲ್ಲ. ಕಟ್ಟಲು ಸಾಧ್ಯವೂ ಇಲ್ಲ. ಕೆಡಿಸದೆ ಉಳಿಸುವುದಷ್ಟೇ ಸರ್ಕಾರಕ್ಕೆ ಸಾಧ್ಯವಿರುವ ಕೆಲಸ.

ಜಾಝ್ ಮೂಲತಃ ಮನೋಧರ್ಮ ಪ್ರಧಾನವಾದ ಸಂಗೀತ. ನಮ್ಮ ರಾಗಾಲಾಪನೆಯಂತೆಯೇ ಅದು ಕೇಳುಗರ ಸಮ್ಮುಖದಲ್ಲಿ, ಆ ಕ್ಷಣದಲ್ಲಿ ರೂಪುಗೊಳ್ಳುತ್ತದೆ. ಕಲಾವಿದರು ಒಂದೇ ವೇದಿಕೆಯಲ್ಲಿ ರಾತ್ರಿಯ ಮೇಲೆ ರಾತ್ರಿ ನುಡಿಸುತ್ತ, ತಪ್ಪುತ್ತ, ತಿದ್ದಿಕೊಳ್ಳುತ್ತ ಬೆಳೆಯಬೇಕು. 1957ರಲ್ಲಿ ಥೆಲೋನಿಯಸ್ ಮಾಂಕ್ ಮತ್ತು ಕೋಲ್ಟ್ರೇನ್ ‘ಫೈವ್ ಸ್ಪಾಟ್’ ಎಂಬ ಪುಟ್ಟ ಕೆಫೆಯಲ್ಲಿ ತಿಂಗಳುಗಟ್ಟಲೆ ಜೊತೆಯಾಗಿ ನುಡಿಸಿದ್ದು ಇಂಥ ಸಾಧನೆಯೇ. ವರ್ಷಕ್ಕೊಂದು ಉತ್ಸವ ಈ ಅಭ್ಯಾಸಕ್ಕೆ ಬದಲಿಯಾಗಲಾರದು.

ಹೀಗಿದ್ದೂ ನ್ಯೂಯಾರ್ಕಿನ ಆಡಳಿತ ಈ ಕೋಣೆಗಳನ್ನು ನಡೆಸಿಕೊಂಡ ಬಗೆ ಹೆಮ್ಮೆ ತರುವಂಥದ್ದಲ್ಲ. 1926ರ ಕ್ಯಾಬರೆ ಕಾನೂನು ಸಂಗೀತ, ನೃತ್ಯಗಳಿರುವ ಸ್ಥಳಗಳಿಗೆ ಪರವಾನಗಿ ಕಡ್ಡಾಯ ಮಾಡಿತು. 1940ರಿಂದ ಕಲಾವಿದರೂ ಪೊಲೀಸರಿಂದ ಗುರುತಿನ ಚೀಟಿ ಪಡೆಯಬೇಕಾಯಿತು. ಮಾದಕವಸ್ತು ಪ್ರಕರಣವೊಂದರಲ್ಲಿ 1947ರಲ್ಲಿ ಶಿಕ್ಷೆಗೊಳಗಾದ ಗಾಯಕಿ ಬಿಲಿ ಹಾಲಿಡೇ ಆ ಚೀಟಿ ಕಳೆದುಕೊಂಡರು. ಮರುವರ್ಷ ಪ್ರತಿಷ್ಠಿತ ಕಾರ್ನೆಗಿ ಹಾಲ್‌ನಲ್ಲಿ ಹಾಡಲು ಅವರಿಗೆ ಅಡ್ಡಿಯಿರಲಿಲ್ಲ. ಬೀದಿಬದಿಯ ಕ್ಲಬ್ಬಿನಲ್ಲಿ ಹಾಡುವಂತಿರಲಿಲ್ಲ. 1951ರಲ್ಲಿ ಚೀಟಿ ಕಳೆದುಕೊಂಡ ಮಾಂಕ್ ಅದನ್ನು ಮರಳಿ ಪಡೆದದ್ದು 1957ರಲ್ಲಿ. ಮಹಾನ್ ಪಿಯಾನೊ ವಾದಕನ ಅತ್ಯುತ್ತಮ ವರ್ಷಗಳು ಕಡತವೊಂದರ ಅಡಿ ಸಿಲುಕಿದ್ದವು.

ಚೀಟಿ ಪದ್ಧತಿ 1967ರಲ್ಲಿ ರದ್ದಾಯಿತು. ಆದರೂ ಕ್ಯಾಬರೆ ಪರವಾನಗಿಯಿಲ್ಲದ ಕಡೆ ಮೂವರಿಗಿಂತ ಹೆಚ್ಚು ವಾದಕರು ಇರಕೂಡದೆಂಬ ನಿಯಮ ಉಳಿಯಿತು. ಪಿಯಾನೊ, ತಂತಿವಾದ್ಯಗಳಿಗೆ ವಿನಾಯಿತಿ. ಡ್ರಮ್, ಸ್ಯಾಕ್ಸೊಫೋನ್‌ಗಳಿಗೆ ಇಲ್ಲ. 1986 ಮತ್ತು 1988ರಲ್ಲಿ ನ್ಯಾಯಾಲಯ ಈ ನಿರ್ಬಂಧಗಳನ್ನು ತಳ್ಳಿಹಾಕಿತು. ಮೂಲ ಕಾನೂನು ರದ್ದಾಗಲು 2017 ಬರಬೇಕಾಯಿತು. ಪರವಾನಗಿ ವ್ಯವಸ್ಥೆಯನ್ನು ಒಳಗಿನಿಂದ ದಶಕಗಳ ಕಾಲ ಕಂಡ ನನಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ನಿಯಮವನ್ನು ಹುಟ್ಟಿಸಿದ ಕಾರಣ ಮರೆತುಹೋದ ಮೇಲೂ ನಿಯಮ ಬದುಕಿರುತ್ತದೆ.

ಕಾನೂನು ಕೊಲ್ಲದೆ ಬಿಟ್ಟದ್ದನ್ನು ಬಾಡಿಗೆ ಕೊಲ್ಲುತ್ತದೆ. ಒಂದು ಕಾಲಕ್ಕೆ ಸಾಲುಸಾಲು ಜಾಝ್ ಕ್ಲಬ್ಬುಗಳಿದ್ದ 52ನೇ ಬೀದಿಯಲ್ಲಿ ಈಗ ಕಚೇರಿ ಕಟ್ಟಡಗಳಿವೆ. ಸಾಂಕ್ರಾಮಿಕದ ನಡುವೆ, 2020ರಲ್ಲಿ, ‘ಜಾಝ್ ಸ್ಟ್ಯಾಂಡರ್ಡ್’ ಬಾಗಿಲು ಮುಚ್ಚಿತು. ಅರ್ಥಶಾಸ್ತ್ರಜ್ಞರಾದ ವಿಲಿಯಂ ಬೌಮಾಲ್ ಮತ್ತು ವಿಲಿಯಂ ಬೋವೆನ್ 1966ರಲ್ಲೇ ಇದರ ಮೂಲವನ್ನು ವಿವರಿಸಿದ್ದರು. ಯಂತ್ರದಿಂದ ಕಾರ್ಖಾನೆಯ ಉತ್ಪಾದಕತೆ ಹೆಚ್ಚುತ್ತದೆ. ನಾಲ್ವರು ನುಡಿಸುವ ಕೃತಿಗೆ ನೂರು ವರ್ಷಗಳ ನಂತರವೂ ನಾಲ್ವರೇ ಬೇಕು, ಅಷ್ಟೇ ಸಮಯವೂ ಬೇಕು. ಉಳಿದೆಡೆ ವೇತನ ಏರಿದಂತೆಲ್ಲ ಕಲೆಯ ವೆಚ್ಚ ಏರುತ್ತದೆ, ಆದಾಯ ಹಿಂದುಳಿಯುತ್ತದೆ. 123 ಆಸನಗಳ ಕೋಣೆ ಹೊತ್ತಿರುವ ಭಾರ ಇದು.

ನಮ್ಮ ಬೆಂಗಳೂರಿಗೂ ಈ ಕಥೆ ಹೊಸದಲ್ಲ. ಸಾರ್ವಜನಿಕ ಮನರಂಜನಾ ಸ್ಥಳಗಳ ನಿಯಂತ್ರಣಕ್ಕೆಂದು 2005ರಲ್ಲಿ ಹೊರಬಿದ್ದ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಎತ್ತಿಹಿಡಿಯಿತು. ಆ ವರ್ಷ ಪೊಲೀಸರು ಅದರ ಜಾರಿಗೆ ಮುಂದಾದಾಗ ಅನೇಕ ರೆಸ್ಟೋರೆಂಟುಗಳಲ್ಲಿ ನೇರ ಸಂಗೀತ ನಿಂತಿತು. ಡ್ಯಾನ್ಸ್ ಬಾರ್‌ಗೂ ನಾಲ್ವರ ಜಾಝ್ ತಂಡಕ್ಕೂ ಒಂದೇ ಅಳತೆಗೋಲು ಹಿಡಿದರೆ ಆಗುವುದು ಇದೇ.

ನೆರೆಹೊರೆಯವರ ನಿದ್ದೆಯ ಹಕ್ಕು ಸಣ್ಣದೆಂದು ಯಾರೂ ಹೇಳಲಾರರು. ಆದರೆ ಅದರ ರಕ್ಷಣೆಗೆ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಿವೆ. ವಸತಿ ಪ್ರದೇಶದಲ್ಲಿ ರಾತ್ರಿ 45 ಡೆಸಿಬಲ್ ಮಿತಿಯಿದೆ. ಅಳೆಯಬೇಕಾದದ್ದು ಶಬ್ದವನ್ನು, ವಾದ್ಯವನ್ನಲ್ಲ. ಸಣ್ಣ ಸಂಗೀತ ಕೋಣೆಗಳಿಗೆ ಪ್ರತ್ಯೇಕವಾದ, ಸರಳವಾದ ಒಂದೇ ಪರವಾನಗಿ ಇರಲಿ. ಅರ್ಜಿಗೆ ಇಂತಿಷ್ಟು ದಿನಗಳಲ್ಲಿ ಉತ್ತರ ಸಿಗಲಿ, ನಿರಾಕರಣೆಗೆ ಲಿಖಿತ ಕಾರಣವಿರಲಿ. ಹಳೆಯ ಸಂಗೀತ ಸ್ಥಳದ ಪಕ್ಕ ಹೊಸದಾಗಿ ವಸತಿ ಸಮುಚ್ಚಯ ಕಟ್ಟುವವರೇ ಶಬ್ದನಿರೋಧದ ಹೊಣೆ ಹೊರಬೇಕೆಂಬ ತತ್ವವನ್ನು ಇಂಗ್ಲೆಂಡ್ 2018ರಲ್ಲಿ ತನ್ನ ಯೋಜನಾ ನೀತಿಗೆ ಸೇರಿಸಿಕೊಂಡಿತು. ಅದನ್ನೂ ನಾವು ಪರಿಶೀಲಿಸಬಹುದು.

ಇವುಗಳಲ್ಲಿ ಯಾವುದಕ್ಕೂ ಬೊಕ್ಕಸದಿಂದ ದೊಡ್ಡ ಅನುದಾನ ಬೇಕಿಲ್ಲ. ತನ್ನ ತಪ್ಪು ತಿದ್ದಿಕೊಳ್ಳಲು ನ್ಯೂಯಾರ್ಕ್ 91 ವರ್ಷ ತೆಗೆದುಕೊಂಡಿತು. ನಾವೂ ಅಷ್ಟೇ ಕಾಯಬೇಕೆಂಬ ನಿಯಮವೇನಿಲ್ಲ.