ಯಾರ ಹೆಸರು ಮರೆಯಲ್ಲಿರಬೇಕು?

ಕಳೆದ ವರ್ಷ ನಮ್ಮಣ್ಣನಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ನೌಕರಿ ಕೊಡಿಸುತ್ತೇವೆಂದು ಒಂದು ಜಾಲತಾಣದವರು ಎಂಟು ಸಾವಿರ ರೂಪಾಯಿ ಕಟ್ಟಿಸಿಕೊಂಡರು. ಹಣ ಹೋಯಿತು, ನೌಕರಿ ಬರಲಿಲ್ಲ. ಪೀಣ್ಯದಲ್ಲಿ ಲೇತ್ ಮೆಷೀನಿನ ಮುಂದೆ ನಿಂತು ನಮ್ಮನ್ನು ಸಾಕಿದ ತಂದೆಯವರು ಕೇಳಿದ್ದು ಒಂದೇ ಮಾತು: "ಅಂಗಡಿ ಅಂದಮೇಲೆ ಯಜಮಾನನ ಹೆಸರು ಎಲ್ಲಾದರೂ ಇರಬೇಕಲ್ಲಪ್ಪಾ?" ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದ್ದರಿಂದ ಹುಡುಕುವ ಭಾರ ನನ್ನ ಮೇಲೆ ಬಿತ್ತು. ನೋಂದಣಿಯ ವಿವರ ತೆಗೆದು ನೋಡಿದೆ. ಹೆಸರು, ವಿಳಾಸ, ದೂರವಾಣಿ, ಎಲ್ಲದರ ಮುಂದೆಯೂ ಒಂದೇ ಉತ್ತರ: ಖಾಸಗಿತನಕ್ಕಾಗಿ ಮರೆಮಾಡಲಾಗಿದೆ!

ಈ ಮರೆ ಮೊದಲು ಇರಲಿಲ್ಲ. ಜಾಲತಾಣಗಳ ಹೆಸರಿನ ವ್ಯವಸ್ಥೆಯನ್ನು ನೋಡಿಕೊಳ್ಳುವುದು ೧೯೯೮ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಥಾಪಿತವಾದ ಐಕ್ಯಾನ್ ಎಂಬ ಲಾಭರಹಿತ ಸಂಸ್ಥೆ. ಡಾಟ್ ಕಾಮ್ ಮುಂತಾದ ಹೆಸರು ಕೊಂಡವರ ಮನೆಯ ವಿಳಾಸ, ಫೋನ್ ನಂಬರು 'ಹೂ ಈಸ್' ಎಂಬ ಬಯಲು ದಫ್ತರದಲ್ಲಿ ಯಾರ ಕಣ್ಣಿಗಾದರೂ ಬೀಳುತ್ತಿದ್ದವು. ೨೦೧೮ರ ಮೇ ೨೫ರಂದು ಯೂರೋಪಿನ ದತ್ತಾಂಶ ರಕ್ಷಣೆಯ ಕಾನೂನು ಜಾರಿಗೆ ಬರುವುದಿತ್ತು. ಅದಕ್ಕೆ ಎಂಟು ದಿನ ಮುಂಚೆ ಐಕ್ಯಾನ್ ತಾತ್ಕಾಲಿಕ ನಿಯಮವೊಂದನ್ನು ಮಾಡಿ ಆ ದಫ್ತರಕ್ಕೆ ಪರದೆ ಎಳೆಯಿತು.

ಹಾಗೆಂದು ಹಳೆಯ ಪದ್ಧತಿಯೇ ಲೇಸೆಂದು ನಾನು ಹೇಳಲಾರೆ. ನಮ್ಮ ವಠಾರದ ಅಕ್ಕನೊಬ್ಬರು ತಮ್ಮ ಹೊಲಿಗೆ ಅಂಗಡಿಗೆಂದು ೨೦೧೭ರಲ್ಲಿ ಇಂಥದೊಂದು ಹೆಸರು ಕೊಂಡಿದ್ದರು. ವಾರದೊಳಗೆ ಗುರುತಿಲ್ಲದವರ ಕರೆಗಳು ಶುರುವಾದವು, ರಾತ್ರಿ ಹನ್ನೊಂದಕ್ಕೂ. ಕೊನೆಗೆ ನಂಬರನ್ನೇ ಬದಲಿಸಿದರು. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು ಅದೇ ವರ್ಷ, ಆಗಸ್ಟ್ ೨೪ರಂದು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ನಮಗೆ ಹೆಮ್ಮೆಯ ಸಂಗತಿ. ಆದರೆ ಆ ಅಕ್ಕನಂಥವರಿಗೆ ಹಿಡಿದ ಕೊಡೆಯ ಕೆಳಗೆ ಅಣ್ಣನನ್ನು ವಂಚಿಸಿದವನೂ ನುಸುಳಿ ನಿಂತಿದ್ದಾನಲ್ಲ!

ಹೆಸರನ್ನು ಬರೆಸಿದವರಿಗೆ ಒಂದು ಅಳತೆ, ಅಧಿಕಾರ ನಡೆಸುವವರಿಗೆ ಇನ್ನೊಂದು ಅಳತೆ ಇರಬೇಕೆಂಬುದು ನನ್ನ ಅಭಿಪ್ರಾಯ. ಐಕ್ಯಾನಿನ ಮಂಡಲಿಯಲ್ಲಿ ಮತವುಳ್ಳ ಸ್ಥಾನಗಳು ೧೬. ಅವುಗಳಲ್ಲಿ ೮ಕ್ಕೆ ಜನರನ್ನು ಆರಿಸುವುದು ಒಂದು ನಾಮಕರಣ ಸಮಿತಿ. ಅರ್ಜಿ ಹಾಕಿದವರ ಹೆಸರುಗಳನ್ನು ಅದು ಗುಟ್ಟಾಗಿಡುತ್ತದೆ. ಸೋತವರ ಹೆಸರು ಗುಟ್ಟಾಗಿಯೇ ಇರಲಿ. (ಕಾಲೇಜು ಸಂಘದ ಚುನಾವಣೆಯಲ್ಲಿ ಸೋತವನ ಪಾಡು ನನಗೆ ಗೊತ್ತು.) ಗೆದ್ದವರನ್ನು ಏತಕ್ಕಾಗಿ ಆರಿಸಿದಿರಿ ಎಂಬ ಪ್ರಶ್ನೆಗೆ ಮಾತ್ರ ಬಾಗಿಲು ಮುಚ್ಚಬಾರದು. ನಮ್ಮಲ್ಲಾದರೂ ಏನು? ೨೦೦೫ರ ಮಾಹಿತಿ ಹಕ್ಕು ಕಾಯಿದೆಯ ೮(೧)(ಜೆ) ಕಲಮಿನಲ್ಲಿ, ಹೆಚ್ಚಿನ ಸಾರ್ವಜನಿಕ ಹಿತವಿದ್ದರೆ ವೈಯಕ್ತಿಕ ಮಾಹಿತಿಯನ್ನೂ ಕೊಡಬಹುದೆಂಬ ಮಾತಿತ್ತು. ೨೦೨೩ರ ದತ್ತಾಂಶ ರಕ್ಷಣೆಯ ಕಾಯಿದೆ ಆ ಮಾತನ್ನು ಅಲ್ಲಿಂದ ಕಿತ್ತುಹಾಕಿತು. ಅದೇ ಕಲಮಿನ ಎರಡನೆಯ ಉಪಕಲಮಿನಲ್ಲಿ ಸಾರ್ವಜನಿಕ ಹಿತದ ಮಾತು ಉಳಿದಿದೆಯೆಂಬುದಷ್ಟೇ ಸಮಾಧಾನ.

ಮನೆಯವರ ಹೆಸರು ಮರೆಯಲ್ಲಿರಲಿ. ಜನರಿಂದ ಹಣ ಕಟ್ಟಿಸಿಕೊಳ್ಳುವ ತಾಣದ ಯಜಮಾನನ ಹೆಸರು ಬಯಲಿನಲ್ಲಿರಲಿ. ಉಳಿದವರ ವಿಷಯದಲ್ಲಿ, ಮೋಸಹೋದವನು ಕಾರಣ ತೋರಿಸಿ ಕೇಳಿದರೆ ಗೊತ್ತಾದ ಗಡುವಿನೊಳಗೆ ಉತ್ತರ ಸಿಗಲಿ. ಇಂಥ ಕೋರಿಕೆಗಳಿಗಾಗಿ ಐಕ್ಯಾನ್ ೨೦೨೩ರ ನವೆಂಬರಿನಲ್ಲಿ ಒಂದು ವ್ಯವಸ್ಥೆಯನ್ನೇನೋ ಆರಂಭಿಸಿತು. ಆದರೆ ಹೆಸರು ಮಾರುವ ರಿಜಿಸ್ಟ್ರಾರುಗಳು ಅದಕ್ಕೆ ಸೇರುವುದನ್ನು ಅವರವರ ಇಚ್ಛೆಗೇ ಬಿಟ್ಟಿತು. ಇಚ್ಛೆಯಿದ್ದರೆ ಯಜಮಾನನ ಹೆಸರು ಹೇಳುತ್ತೇವೆ ಎನ್ನುವ ಅಂಗಡಿಬೀದಿಯನ್ನು ನಮ್ಮ ತಂದೆಯವರು ಕಂಡವರಲ್ಲ. ಅಣ್ಣ ಕೊಟ್ಟ ದೂರಿನ ರಸೀತಿ ನಮ್ಮ ಮನೆಯ ಕ್ಯಾಲೆಂಡರಿನ ಹಿಂದೆ ಇನ್ನೂ ಸಿಕ್ಕಿಸಿದಂತೆಯೇ ಇದೆ.