ಕುರ್ಚಿಯಾಚೆಗೆ ಲಿಲಿ ರೈಶ್

ಬಾರ್ಸಿಲೋನಾ ಕುರ್ಚಿಯ ಮಾತು ಬಂದರೆ ಸಾಕು, ಹಿಂದೆಯೇ ಒಂದು ತಕರಾರೂ ಏಳುತ್ತದೆ. ಅದನ್ನು ರೂಪಿಸಿದ್ದು ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋಹೆ ಒಬ್ಬರೇ, ಅಥವಾ ಜೊತೆಗಿದ್ದ ವಿನ್ಯಾಸಕಿ ಲಿಲಿ ರೈಶ್‌ಗೂ ಪಾಲಿದೆಯೇ? ಪಾಲು ಕೇಳುವುದು ನ್ಯಾಯವೇ. ಆದರೆ ವಾದವೆಲ್ಲ ಕುರ್ಚಿಯ ಸುತ್ತಲೇ ಗಿರಕಿ ಹೊಡೆದರೆ, ರೈಶ್ ಅವರ ನಿಜವಾದ ಕಸುಬು ಮರೆಗೆ ಸರಿಯುತ್ತದೆ. ಅದು ಪ್ರದರ್ಶನಗಳ ವಾಸ್ತುಶಿಲ್ಪ.

1885ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ರೈಶ್, ವಿನ್ಯಾಸಕಾರರು ಮತ್ತು ಉದ್ಯಮಿಗಳ ಸಂಘವಾದ ಜರ್ಮನ್ ವೆರ್ಕ್‌ಬುಂಡ್‌ನ ಆಡಳಿತ ಮಂಡಳಿಗೆ 1920ರಲ್ಲಿ ಸೇರಿದರು. ಆ ಮಂಡಳಿಯಲ್ಲಿ ಕೂತ ಮೊದಲ ಮಹಿಳೆ ಅವರೇ. ವಾಸ್ತುಶಿಲ್ಪದ ಪದವಿ ಅವರಿಗಿರಲಿಲ್ಲ. ಮೀಸ್‌ಗೂ ಇರಲಿಲ್ಲ, ಅದನ್ನು ಯಾರೂ ಎತ್ತಿ ಆಡುವುದಿಲ್ಲ.

1927ರಲ್ಲಿ ಬರ್ಲಿನ್‌ನ ಫ್ಯಾಷನ್ ಪ್ರದರ್ಶನಕ್ಕೆ ಇಬ್ಬರೂ ಸೇರಿ ರೂಪಿಸಿದ ‘ಮಖಮಲ್ ಮತ್ತು ರೇಷ್ಮೆ ಕೆಫೆ’ಯನ್ನೇ ನೋಡಿ. ಬಾಗಿದ, ನೆಟ್ಟಗಿನ ಲೋಹದ ಕೊಳವೆಗಳಿಂದ ಇಳಿಬಿದ್ದ ಕಪ್ಪು, ಕಿತ್ತಳೆ, ಕೆಂಪು ಮಖಮಲ್. ಚಿನ್ನ, ಬೆಳ್ಳಿ, ಕಪ್ಪು, ನಿಂಬೆ ಹಳದಿ ರೇಷ್ಮೆ. ಮೇಜುಗಳ ನಡುವೆ ಗೋಡೆ ಎಂದರೆ ಈ ಪರದೆಗಳೇ. ಎರಡು ವರ್ಷದ ನಂತರ ಅಂತರರಾಷ್ಟ್ರೀಯ ಪ್ರದರ್ಶನಕ್ಕೆ ಮೀಸ್ ರೂಪಿಸಿದ ಜರ್ಮನ್ ಮಂಟಪವಾದ ಬಾರ್ಸಿಲೋನಾ ಪೆವಿಲಿಯನ್‌ನಲ್ಲಿ ಬಿಡಿಬಿಡಿಯಾಗಿ ನಿಂತ ಕಲ್ಲಿನ ಗೋಡೆಗಳನ್ನು ಕಂಡಾಗ ಈ ಪರದೆಗಳು ನೆನಪಾಗದೆ ಇರವು. ಬಟ್ಟೆಯ ಗುಣ ಬಲ್ಲವರ ಕೈ ಅಲ್ಲಿತ್ತು ಎನ್ನಲು ಹಿಂಜರಿಯಬೇಕಿಲ್ಲ. ಅಂದಹಾಗೆ, ಬಾರ್ಸಿಲೋನಾದಲ್ಲಿ ಜರ್ಮನ್ ವಿಭಾಗದ ಕಲಾ ನಿರ್ದೇಶನದ ಹೊಣೆಯನ್ನೂ ರೈಶ್ ಮೀಸ್ ಜೊತೆ ಹೊತ್ತಿದ್ದರು.

ಪ್ರದರ್ಶನ ಮುಗಿದರೆ ಎಲ್ಲವನ್ನೂ ಕಳಚುತ್ತಾರೆ, ಕಳಚಿದ್ದಕ್ಕೆ ಇತಿಹಾಸದಲ್ಲಿ ಜಾಗ ಕಡಿಮೆ. ಪೆವಿಲಿಯನ್ನನ್ನೂ ಕಳಚಿದ್ದರು, ಅದನ್ನು ಮಾತ್ರ 1986ರಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದರು.

1932ರಲ್ಲಿ ರೈಶ್ ಬೌಹೌಸ್ ಕಲಾ-ವಿನ್ಯಾಸ ಶಾಲೆಯಲ್ಲಿ ನೇಯ್ಗೆ ಮತ್ತು ಒಳಾಂಗಣ ವಿಭಾಗದ ಅಧ್ಯಾಪಕಿಯಾದರು. ಮರುವರ್ಷವೇ ನಾಜಿಗಳ ಒತ್ತಡದಲ್ಲಿ ಶಾಲೆ ಮುಚ್ಚಿತು. ಹಾಗೆಂದು ಅವರನ್ನು ಬರೀ ಬಲಿಪಶುವಾಗಿ ಚಿತ್ರಿಸುವುದೂ ಸರಿಯಲ್ಲ: 1934ರ ನಾಜಿ ಸರ್ಕಾರದ ಪ್ರದರ್ಶನವೊಂದಕ್ಕೆ ಮೀಸ್ ಜೊತೆ ಅವರೂ ಕೆಲಸ ಮಾಡಿದ್ದರು.

1938ರಲ್ಲಿ ಮೀಸ್ ಅಮೆರಿಕಕ್ಕೆ ಹೋದರು. ರೈಶ್ ಮರುವರ್ಷ ಷಿಕಾಗೋಗೆ ಹೋಗಿ ಅವರನ್ನು ಕಂಡು ಬರ್ಲಿನ್‌ಗೆ ಮರಳಿದರು. 1943ರ ಬಾಂಬ್ ದಾಳಿಯಲ್ಲಿ ಅವರ ಸ್ಟುಡಿಯೊ ನಾಶವಾಯಿತು. ಆದರೂ ಮೀಸ್ ಬಿಟ್ಟುಹೋಗಿದ್ದ ಸುಮಾರು 3,000 ನಕ್ಷೆಗಳು ಉಳಿದವು. ರೈಶ್ ಅವನ್ನು ತಮ್ಮ 900ರಷ್ಟು ನಕ್ಷೆಗಳ ಜೊತೆ ತುರಿಂಗಿಯಾದ ಮ್ಯೂಲ್‌ಹೌಸನ್‌ಗೆ ಸಾಗಿಸಿದ್ದರು. ಯುದ್ಧ ಮುಗಿದ ಮೇಲೆ ಬರ್ಲಿನ್‌ನಲ್ಲಿ ಕೆಲಕಾಲ ಪಾಠ ಹೇಳಿ, 1947ರಲ್ಲಿ ತೀರಿಕೊಂಡರು.

ಮೀಸ್ ಅವರ ಮೊದಲರ್ಧದ ಬದುಕಿನ ಬಗ್ಗೆ ವಿದ್ವಾಂಸರು ಬರೆಯುವುದೆಲ್ಲ ಬಹುಪಾಲು ರೈಶ್ ಉಳಿಸಿದ ನಕ್ಷೆಗಳ ಕೃಪೆ. ಅದೇ ನಕ್ಷೆಗಳು ಸೇರಿದ ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ 1996ರಲ್ಲಿ ರೈಶ್ ಒಬ್ಬರದ್ದೇ ಪ್ರದರ್ಶನ ಏರ್ಪಡಿಸಿ, ಅವರನ್ನು ‘ವಿನ್ಯಾಸಕಿ ಮತ್ತು ವಾಸ್ತುಶಿಲ್ಪಿ’ ಎಂದು ಕರೆಯಿತು. ವಾಸ್ತುಶಿಲ್ಪದ ತರಗತಿಗಳು ಕುರ್ಚಿಯ ವ್ಯಾಜ್ಯ ಬಿಟ್ಟು ಆ 900 ನಕ್ಷೆಗಳನ್ನು ಬಿಡಿಸಿ ನೋಡಬೇಕು.