ತ್ರಿಕೋನವೂ ನವೋದಯದ ಪರೀಕ್ಷೆಯೂ

ಬಸವಕಲ್ಯಾಣ ತಾಲ್ಲೂಕಿನ ನಾರಾಯಣಪುರದಲ್ಲಿರುವ ಜವಾಹರ ನವೋದಯ ವಿದ್ಯಾಲಯವು ಬೀದರ ಜಿಲ್ಲೆಯ ಬಡಮಕ್ಕಳಿಗೆ ದೊಡ್ಡದೊಂದು ಆಶ್ರಯವಾಗಿದೆ. ಅಲ್ಲಿ ಊಟ ವಸತಿಗಳಿಗೆ ಹಣ ತೆರಬೇಕಾದುದಿಲ್ಲ. ಆದರೆ ಆರನೆಯ ತರಗತಿಗೆ ವರ್ಷಕ್ಕೆ ಹೆಚ್ಚೆಂದರೆ 80 ಮಂದಿಗೆ ಮಾತ್ರ ಪ್ರವೇಶ. ಐದನೆಯ ತರಗತಿಯ ಮಗುವು ಈ ಪ್ರವೇಶ ಪರೀಕ್ಷೆಗೆ ಒಂದೇ ಸಲ ಕೂರಬಹುದು, ಎರಡನೆಯ ಅವಕಾಶವಿಲ್ಲ.

ಪರೀಕ್ಷೆಯಲ್ಲಿ ಅಂಕಗಣಿತದ ಪ್ರಶ್ನೆಗಳು 20, ಅಂಕಗಳು 25, ಕಾಲ ಅರ್ಧ ಗಂಟೆ. ಕೋನಗಳ ವಿಧಗಳೂ ಅವುಗಳ ಸರಳ ಪ್ರಯೋಗವೂ ಪಠ್ಯಕ್ರಮದಲ್ಲಿ ಸೇರಿವೆ. ತ್ರಿಕೋನದ ಮೂರು ಕೋನಗಳ ಮೊತ್ತ 180 ಅಂಶವೆಂಬುದನ್ನು ನಮ್ಮ ಮಕ್ಕಳು ಕಂಠಪಾಠ ಮಾಡಿರುತ್ತಾರೆ. ಆದರೆ ಎರಡು ಭುಜಗಳು ಸಮವಾಗಿದ್ದು, ಅವು ಕೂಡುವಲ್ಲಿನ ಶಿರಃಕೋನವು 40 ಅಂಶವಾಗಿದ್ದರೆ ಉಳಿದ ಕೋನಗಳು ಎಷ್ಟೆಷ್ಟೆಂದು ಕೇಳಿದೊಡನೆ ಬರಿಯ ಕಂಠಪಾಠವು ಕೈಕೊಡುತ್ತದೆ. 180ರಲ್ಲಿ 40 ಕಳೆದು 140 ಎಂದು ಗುರುತು ಹಾಕುವ ಮಗುವು ಅರ್ಧ ದಾರಿಯಲ್ಲಿ ನಿಂತಂತೆಯೇ ಸರಿ. ಸಮಭುಜಗಳ ಎದುರಿನ ಕೋನಗಳೂ ಸಮವೆಂದು ಬಲ್ಲ ಮಗುವು 140ನ್ನು ಸಮನಾಗಿ ಹಂಚಿ, 70 ಎಂದು ಹೇಳುವುದು.

ಇದನ್ನು ಕಲಿಸಲು ದುಬಾರಿ ಸಾಧನಗಳು ಬೇಡ, ಒಂದು ಹಾಳೆ ಸಾಕು. ಕಾಗದದ ತ್ರಿಕೋನವೊಂದರ ಮೂರು ಮೂಲೆಗಳನ್ನು ಹರಿದು, ಮೊನೆಗಳನ್ನು ಒಂದೆಡೆ ಕೂಡಿಸಿಟ್ಟರೆ ನೇರವಾದ ಗೆರೆ ಮೂಡುತ್ತದೆ. ಎರಡು ಲಂಬಕೋನಗಳೆಂದರೆ ಇದೇ. ಸಮದ್ವಿಭುಜ ತ್ರಿಕೋನವನ್ನು ನಡುವೆ ಮಡಿಸಿದರೆ ಒಂದು ಮೂಲೆಯು ಮತ್ತೊಂದರ ಮೇಲೆ ಸರಿಯಾಗಿ ಕೂರುತ್ತದೆ. ಬಡಗಿಯ ಮೂಲೆಮಟ್ಟವನ್ನು ಕಂಡ ಹಳ್ಳಿಯ ಬಾಲಕನಿಗೆ ಲಂಬಕೋನವು ಹೊಸತಲ್ಲ. ಅದನ್ನು ಪಾಠಕ್ಕೆ ಜೋಡಿಸುವವರು ಬೇಕು.

ಈ ಪ್ರಾಂತವು 1948ರ ಸೆಪ್ಟೆಂಬರಿನವರೆಗೆ ನಿಜಾಮರ ಆಳಿಕೆಯಲ್ಲಿದ್ದು, ಮೇಲಣ ವಿದ್ಯೆಯು ಉರ್ದುವಿನಲ್ಲಿ ನಡೆಯುತ್ತಿತ್ತು. ಇಂದು ನವೋದಯದ ಪ್ರಶ್ನಪತ್ರಿಕೆ ಕನ್ನಡದಲ್ಲಿಯೂ ದೊರೆಯುತ್ತದೆ. ಮುಕ್ಕಾಲು ಪಾಲು ಸ್ಥಾನಗಳು ಗ್ರಾಮೀಣ ಮಕ್ಕಳಿಗೆ ಮೀಸಲಾಗಿವೆ. ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯನು ಕನ್ನಡದಲ್ಲಿ ಕ್ಷೇತ್ರಗಣಿತವನ್ನು ಬರೆದಿರುವಾಗ, ನಮ್ಮ ನುಡಿಗೆ ಈ ವಿದ್ಯೆ ಒಗ್ಗದೆಂದು ಯಾರೂ ಹೇಳಲಾರರು. ಆದರೂ ಶಾಲೆಯಲ್ಲಿ ಅರ್ಥವಾಗದುದನ್ನು ಪೇಟೆಯ ತರಬೇತಿ ತರಗತಿಗಳಲ್ಲಿ ಹಣ ಕೊಟ್ಟು ಕಲಿಯಬೇಕಾಗಿ ಬಂದರೆ, ಕೂಲಿಕಾರನ ಮಗುವಿಗೆ ಆ ಮೀಸಲಾತಿಯ ಪೂರ್ಣ ಫಲ ಸಿಕ್ಕುವುದೆಂತು? ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವೆಂದು ಊಹೆಯಿಂದ ವೃತ್ತ ತುಂಬುವುದನ್ನು ಕಲಿಸುವುದು ವಿದ್ಯೆಯಲ್ಲ.

ಆದುದರಿಂದ ಬಸವಕಲ್ಯಾಣ, ಹುಮನಾಬಾದ ತಾಲ್ಲೂಕುಗಳ ಉಪಾಧ್ಯಾಯರು ಸೂತ್ರಕ್ಕಿಂತ ಮೊದಲು ಕಾರಣವನ್ನು ತೋರಿಸಬೇಕು. ಶಿಕ್ಷಣಾಧಿಕಾರಿಗಳು ಶಾಲೆಗಳನ್ನು ಪರಿಶೀಲಿಸುವಾಗ ಮಕ್ಕಳ ಬಾಯಿಂದ ಉತ್ತರದೊಡನೆ ‘ಏಕೆ’ ಎಂಬುದನ್ನೂ ಕೇಳಬೇಕು. ಈ ಎರಡು ಊರುಗಳ ವಿದ್ಯಾವಂತರು ಭಾನುವಾರಕ್ಕೊಂದು ಗಂಟೆಯನ್ನು ನೆರೆಹಳ್ಳಿಯ ಶಾಲೆಗೆ ಕೊಟ್ಟರೂ ಬಹಳ ಉಪಕಾರವಾಗುವುದು. ಒಂದೇ ಅವಕಾಶವುಳ್ಳ ಮಗುವನ್ನು ಸಿದ್ಧಗೊಳಿಸದೆ ಪರೀಕ್ಷೆಗೆ ಕಳುಹಿಸುವುದು ಅನ್ಯಾಯವೆಂಬುದನ್ನು ಎಲ್ಲರೂ ಮನಗಾಣಬೇಕೆಂದು ನಾವು ಪ್ರಾರ್ಥಿಸುತ್ತೇವೆ.